ದರ್ಬಾರ್ ಪದಕವೋ, ಜುಬಿಲಿ ಪದಕವೋ, ಗಾಂಧಿ ರೂಪಾಯಿಯೋ?

ಕಾರವಾರದ ನಮ್ಮ ಮನೆಯ ಕಪಾಟಿನಲ್ಲಿ ಮೂರು ಬೆಳ್ಳಿ ಬಿಲ್ಲೆಗಳಿವೆ. ಬ್ರಿಟಿಷ್ ದೊರೆ ಐದನೇ ಜಾರ್ಜ್ ಪಟ್ಟಾಭಿಷೇಕದ ನೆನಪಿಗೆ 1911ರಲ್ಲಿ ನಡೆದ ದೆಹಲಿ ದರ್ಬಾರಿನ ಪದಕ, ಅದೇ ದೊರೆಯ ಆಳ್ವಿಕೆಯ 1935ರ ರಜತೋತ್ಸವದ (ಜುಬಿಲಿ) ಸಣ್ಣ ಪದಕ, 1969ರ ಗಾಂಧಿ ಶತಮಾನೋತ್ಸವದ ಹತ್ತು ರೂಪಾಯಿ. ಕೊನೆಯದು ಪದಕವಲ್ಲ, ನಾಣ್ಯ. ಆದರೂ ಅದನ್ನು ಬಿಟ್ಟು ಉಳಿದೆರಡನ್ನೇ ಇಡಲು ಮನಸ್ಸು ಬರಲಿಲ್ಲ.

ಆಸೆ ಜಾಸ್ತಿ ಹುಟ್ಟಿಸುವುದು ದರ್ಬಾರ್ ಪದಕ. ಮುಂದೆ ಕಿರೀಟ ತೊಟ್ಟ ರಾಜ ರಾಣಿ, ಹಿಂದೆ ಪರ್ಷಿಯನ್ ಬರಹ, ಮೇಲೆ ರಿಬ್ಬನ್ ಪೋಣಿಸುವ ಬಳೆ, ರಿಬ್ಬನ್. ಮೋಸವೂ ಇದರಲ್ಲೇ ಆಯಿತು. ಅಜ್ಜನ ಪೆಟ್ಟಿಗೆಯದ್ದು ಅಂತ ಒಬ್ಬರು ಹೇಳಿದ್ದನ್ನು ನಂಬಿ ಕೊಂಡು ತಂದಿದ್ದೆ. ಪೇಟೆಯ ಬೆಳ್ಳಿ ಅಂಗಡಿಯ ಶೇಟರು ಕೈಗೆತ್ತಿಕೊಂಡವರೇ ನಕ್ಕರು. ತಕ್ಕಡಿ ಮೇಲೆ ನೀರಿನ ಬಟ್ಟಲಿಟ್ಟು ಸೊನ್ನೆ ಮಾಡಿದರು. ಪದಕವನ್ನು ದಾರದಲ್ಲಿ ಕಟ್ಟಿ, ತಳಕ್ಕೆ ತಾಗದ ಹಾಗೆ ಮುಳುಗಿಸಿದರು. ತಕ್ಕಡಿ 3.1 ಗ್ರಾಂ ತೋರಿಸಿತು, ಅದು ಪದಕ ಸರಿಸಿದ ನೀರಿನ ತೂಕ. ಪದಕದ ತೂಕ 27 ಗ್ರಾಂ. ಭಾಗಿಸಿದರೆ ಸಾಂದ್ರತೆ 8.7. ಸ್ಟರ್ಲಿಂಗ್ ಬೆಳ್ಳಿಯಾದರೆ (ನೂರಕ್ಕೆ 92.5 ಪಾಲು ಬೆಳ್ಳಿ) 10.3ರ ಸುತ್ತ ಬರಬೇಕು. "ಜರ್ಮನ್ ಸಿಲ್ವರ್, ಮಾರಾಯ್ರೆ!" ಅಂದರೆ ತಾಮ್ರ, ನಿಕಲ್, ಸತುವಿನ ಮಿಶ್ರಣ, ಬೆಳ್ಳಿಯೇ ಇಲ್ಲ. ಆಮೇಲೆ ಭೂತಗನ್ನಡಿ ಹಿಡಿದು ನೋಡಿದರೆ, ಪರ್ಷಿಯನ್ ಅಕ್ಷರಗಳ ಅಂಚು ಕರಗಿದ ಬೆಲ್ಲದ ಹಾಗಿತ್ತು. ಅಚ್ಚೊತ್ತಿದ್ದಲ್ಲ, ಎರಕ ಹೊಯ್ದದ್ದು. ಅಸಲಿ ಸಿಗಲು ಮತ್ತೆ ಎರಡು ವರ್ಷ ಬೇಕಾಯಿತು.

ಜುಬಿಲಿ ಪದಕ 32 ಮಿಲಿಮೀಟರ್ ಅಗಲ, ಅಷ್ಟೇ. ಬ್ರಿಟಿಷ್ ಶಿಲ್ಪಿ ಪರ್ಸಿ ಮೆಟ್‌ಕಾಫ್ ಅವರ ವಿನ್ಯಾಸ. ಹಿಂದೆ ಇಂಗ್ಲೆಂಡಿನ ವಿಂಡ್ಸರ್ ಕೋಟೆ. ಸುಮ್ನೆ ಬೆಳಕಿಗೆ ಓರೆ ಹಿಡಿದರೆ ಬುರುಜುಗಳು ಒಂದೊಂದಾಗಿ ಏಳುತ್ತವೆ. ಬಳೆಯಿಲ್ಲ, ಹಾಗಾಗಿ ಬೆಸುಗೆ ಹಾಕಿದ ಗುರುತು ಹುಡುಕುವ ತಲೆನೋವೂ ಇಲ್ಲ. ಅದೇ ವರ್ಷ ರಿಬ್ಬನ್ ಹಾಕಿ ಎದೆಗೆ ಧರಿಸುವ ಇನ್ನೊಂದು ಪದಕವೂ ಬಂದಿತ್ತು. ಅದರ ಹಿಂದೆ ಕೋಟೆಯಿಲ್ಲ, ಕಿರೀಟದ ಕೆಳಗೆ ಜಿ, ಆರ್, ಐ ಅಕ್ಷರಗಳಿವೆ. ಕೊಳ್ಳುವಾಗ ಎರಡನ್ನೂ ಕಲಸಬೇಡಿ. ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆದದ್ದು 1930ರಲ್ಲಿ. ಐದೇ ವರ್ಷಕ್ಕೆ ಅದೇ ರಾಜನಿಗೆ ಜುಬಿಲಿ! ಇದನ್ನು ಕೈಯಲ್ಲಿ ಹಿಡಿದಾಗಲೆಲ್ಲ ಆ ಸಂಗತಿ ನೆನಪಾಗುತ್ತದೆ.

ಗಾಂಧಿ ರೂಪಾಯಿ 15 ಗ್ರಾಂ, ನೂರಕ್ಕೆ 80 ಪಾಲು ಬೆಳ್ಳಿ. ನೀರಿನಲ್ಲಿ ಸರಿಯಾಗಿ 1.5 ಗ್ರಾಂ ತೋರಿಸುತ್ತದೆ. ಮೂರರಲ್ಲಿ ಅಗ್ಗದ್ದು ಇದೇ. ಆದರೆ ನಮ್ಮ ಕಡಲ ಹವೆಗೆ ಮೊದಲು ಸೋತದ್ದೂ ಇದೇ. ಮೆತ್ತನೆಯ ಪಿವಿಸಿ ಪ್ಲಾಸ್ಟಿಕ್ ಕವರಿನಲ್ಲಿಟ್ಟು ಒಂದು ಮಳೆಗಾಲ ಮರೆತೆ. ತೆಗೆದಾಗ ಗಾಂಧೀಜಿ ಕಿವಿಯ ಹತ್ತಿರ ಹಸಿರು ಅಂಟು. ಜೊತೆಗಿದ್ದ ಜುಬಿಲಿ ಬರೀ ಕಪ್ಪಾಗಿತ್ತು. ಅಸಿಟೋನ್ ಎಂಬ ದ್ರಾವಕದಲ್ಲಿ ನೆನೆಸಿದ ಮೇಲೆ ಅಂಟು ಬಿಟ್ಟಿತು, ಕಲೆ ಉಳಿಯಿತು. ಕಪ್ಪಾದದ್ದನ್ನು ನಾನು ಉಜ್ಜುವುದಿಲ್ಲ. ವಿಭೂತಿ ಹಾಕಿ ಉಜ್ಜಿದರೆ ದೇವರ ದೀಪ ಹೊಳೆಯಬಹುದು, ಪದಕದ ಗೆರೆ ಸವೆಯುತ್ತದೆ.

ಮೊದಲ ಸಲ ಕೊಳ್ಳುವವರಿಗೆ ನನ್ನ ಓಟು ಜುಬಿಲಿಗೆ. ದರ್ಬಾರ್ ಬೇಕೇಬೇಕು ಅನ್ನುವವರು ದಾರ, ಬಟ್ಟಲು ತಗೊಂಡೇ ಹೋಗಿ. ನನ್ನ ಆ ನಕಲಿ ಈಗ ಶೇಟರ ಗಲ್ಲಾ ಪೆಟ್ಟಿಗೆಯಲ್ಲಿದೆ. ಗಿರಾಕಿಗಳಿಗೆ ತೋರಿಸಲು ಬೇಕು ಅಂತ ಅವರೇ ಇಟ್ಟುಕೊಂಡರು.