ಕ್ಯಾನ್ ತಂಡದ 'ಟಾಗೊ ಮಾಗೊ': ಕರಾವಳಿಯ ಮನೆಗೆ ಒಂದು ಜೋಡಿ ರೆಕಾರ್ಡು

1971ರ ಜರ್ಮನ್ ರಾಕ್ ರೆಕಾರ್ಡೊಂದನ್ನು ಇವತ್ತು ಮಂಗಳೂರಿನಲ್ಲೋ ಉಡುಪಿಯಲ್ಲೋ ಕೂತು ದುಡ್ಡು ಕೊಟ್ಟು ತರಿಸಿಕೊಳ್ಳಬೇಕೇ? ಕಲೋನ್ ನಗರದ ಕ್ಯಾನ್ ತಂಡದ 'ಟಾಗೊ ಮಾಗೊ' ಆದರೆ ಖಂಡಿತ ತರಿಸಿಕೊಳ್ಳಿ, ಅದೂ ವಿನೈಲ್‌ನಲ್ಲೇ. ಫೋನಿನಲ್ಲಿ 73 ನಿಮಿಷವೂ ಒಂದೇ ಸಮನೆ ಹಾಕಿಕೊಂಡು ಕೂತರೆ ಮುಕ್ಕಾಲು ದಾರಿಯಲ್ಲಿ ಕಿವಿ ದಣಿಯುತ್ತದೆ. ಬದಿ ಮುಗಿದಾಗ ಎದ್ದು ಹೋಗಿ ರೆಕಾರ್ಡು ಮಗುಚುವ ವಿರಾಮ ಈ ಸಂಗೀತಕ್ಕೆ ಬೇಕು.

ಮೊದಲ ಬದಿಯಲ್ಲಿ ಮೂರು ಹಾಡುಗಳಿವೆ. ಎರಡನೆಯ ಬದಿಯ ತುಂಬ 18 ನಿಮಿಷ 33 ಸೆಕೆಂಡಿನ 'ಹಾಲೆಲುವಾ' ಒಂದೇ. ಮೂರನೆಯದರಲ್ಲಿ 'ಆಮ್ಗ್ನ್', ನಾಲ್ಕನೆಯದರಲ್ಲಿ ಎರಡು. ಯಾವ ಬದಿಯೂ 19 ನಿಮಿಷ ಮುಟ್ಟುವುದಿಲ್ಲ ಎಂಬುದು ಇಲ್ಲಿ ದೊಡ್ಡ ಸಂಗತಿ. 12 ಇಂಚಿನ ರೆಕಾರ್ಡಿನ ಒಂದು ಬದಿಗೆ 25 ನಿಮಿಷ ತುರುಕಿದರೆ ಗೆರೆಗಳು ಒತ್ತೊತ್ತಾಗುತ್ತವೆ. ಸದ್ದು ತಗ್ಗಿಸಿ, ಬೇಸ್ ಕತ್ತರಿಸಿ ಕೊರೆಯಬೇಕಾಗುತ್ತದೆ. ಇದರಲ್ಲಿ ಗೆರೆಗಳಿಗೆ ಜಾಗ ಧಾರಾಳ. ಹಾಗಾಗಿ ಹೋಲ್ಗರ್ ಚುಕಾಯ್ ಅವರ ಬೇಸ್ ಗಿಟಾರು ಎದೆಗೆ ತಾಗುವಷ್ಟು ತುಂಬಿ ಬರುತ್ತದೆ.

ಅರ್ಧ ಶತಮಾನ ದಾಟಿದರೂ ಇದು ಹಳತಾಗದ್ದಕ್ಕೆ ಕಾರಣ ಇದನ್ನು ಕಟ್ಟಿದ ಬಗೆ. ಕಲೋನ್ ಬಳಿಯ ನ್ಯೋರ್ವೆನಿಕ್ ಕೋಟೆಮನೆಯಲ್ಲಿ ತಂಡ ಗಂಟೆಗಟ್ಟಲೆ ನುಡಿಸುತ್ತಿತ್ತು. ಎಲ್ಲವೂ ಎರಡೇ ಟ್ರ್ಯಾಕಿನ ಯಂತ್ರದಲ್ಲಿ ಮುದ್ರಣ. ಆಮೇಲೆ ಚುಕಾಯ್ ಟೇಪನ್ನು ಕತ್ತರಿಸಿ, ಅಂಟಿಸಿ, ಬೇಕಾದ್ದನ್ನಷ್ಟೇ ಉಳಿಸಿದರು. ಅವರೂ ಕೀಬೋರ್ಡಿನ ಇರ್ಮಿನ್ ಶ್ಮಿಟ್ ಅವರೂ ಸಂಯೋಜಕ ಷ್ಟಾಕ್‌ಹೌಜನ್ ಅವರ ಶಿಷ್ಯರು. ಟೇಪನ್ನೇ ವಾದ್ಯವಾಗಿ ನೋಡುವ ಅಭ್ಯಾಸ ಅಲ್ಲಿಯದು. ಡ್ರಮ್ಮಿನ ಯಾಕಿ ಲೀಬೆಟ್ಸೈಟ್ ಫ್ರೀ ಜಾಝ್ ಬಿಟ್ಟು ಬಂದವರು. ಎಲ್ಲಿ ಬೇಕಾದರೂ ಓಡಬಲ್ಲ ಕೈಯನ್ನು ಒಂದೇ ಲಯಕ್ಕೆ ಕಟ್ಟಿಹಾಕಿ, ಅದರೊಳಗೇ ಚೂರುಚೂರು ಒತ್ತು ಬದಲಿಸುತ್ತಾರೆ. ಚೆಂಡೆ-ಮದ್ದಳೆಯ ಎದುರು ಬೆಳಗಿನವರೆಗೆ ಆಟ ನೋಡಿ ಬೆಳೆದ ಕಿವಿಗೆ ಇದು ಹೊಸತಲ್ಲ: ತಾಳ ಅದೇ, ಆದರೆ ಸುತ್ತು ಪ್ರತಿಸಲವೂ ಬೇರೆ. ಅದಕ್ಕೇ ಶುರುವನ್ನು ಎರಡನೆಯ ಬದಿಯಿಂದ ಮಾಡಿ. ಗಾಯಕ ಡಾಮೊ ಸುಜುಕಿ ಅವರ ಹಾಡಿನ ಅರ್ಥ ಹುಡುಕುವುದು ಬೇಡ. ಮೊದಲ ಬದಿಯ 'ಓ ಯೆ'ಯಲ್ಲಂತೂ ಅವರ ದನಿಯನ್ನು ಟೇಪು ತಿರುಗಿಸಿ ಹಿಮ್ಮುಖವಾಗಿ ಸೇರಿಸಿದ್ದಾರೆ.

ಮೂರನೆಯ ಬದಿ ಕಷ್ಟದ್ದು. ಲಯ ಕರಗಿ, ಶ್ಮಿಟ್ ಅವರ ಎಳೆದ ದನಿ ಮತ್ತು ಕೋಟೆಯ ಪ್ರತಿಧ್ವನಿ ಮಾತ್ರ ಬಹಳ ಹೊತ್ತು ಉಳಿಯುತ್ತವೆ. ಈ ಎರಡನೆಯ ತಟ್ಟೆಯನ್ನೂ ಸೇರಿಸಲೇಬೇಕೆಂದು ಹಟ ಹಿಡಿದವರು ತಂಡದ ವ್ಯವಹಾರ ನೋಡಿಕೊಳ್ಳುತ್ತಿದ್ದ ಹಿಲ್ಡೆಗಾರ್ಡ್ ಶ್ಮಿಟ್. ಅವರ ಹಟ ಸರಿಯಾಗಿತ್ತು. ಮೊದಲೆರಡು ಬದಿ ಪಳಗಿದ ಮೇಲೆ ಇದನ್ನು ರಾತ್ರಿ, ಕಡಿಮೆ ಸದ್ದಿನಲ್ಲಿ ಹಾಕಿ.

ಈಗ ಯಂತ್ರದ ವಿಷಯ. ಸೂಟ್‌ಕೇಸ್ ಮಾದರಿಯ ಅಗ್ಗದ ಪ್ಲೇಯರಿನಲ್ಲಿ ಇದನ್ನು ಹಾಕಬೇಡಿ. ಅದರ ಸೆರಾಮಿಕ್ ಕಾರ್ಟ್ರಿಜ್ (ಸೂಜಿ ಕೂರಿಸಿದ ಭಾಗ) ಗೆರೆಯ ಮೇಲೆ 5 ಗ್ರಾಂ ಆಸುಪಾಸು ಭಾರ ಹೇರುತ್ತದೆ, ಬೇಸ್ ಜೋರಾದಲ್ಲಿ ಸೂಜಿ ಹಾರುತ್ತದೆ, ಗೆರೆಯೂ ಸವೆಯುತ್ತದೆ. ಆಡಿಯೊ ಟೆಕ್ನಿಕಾ ವಿಎಂ95ಇ ತರದ ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್ ಸಾಕು. ಅದು ಗೆರೆಯ ಮೇಲೆ ಹೇರಬೇಕಾದ ಭಾರ 1.8ರಿಂದ 2.2 ಗ್ರಾಂ. ಹೊಂದಿಸುವಾಗ ಆ್ಯಂಟಿ-ಸ್ಕೇಟಿಂಗ್ (ತೋಳು ಒಳಕ್ಕೆ ಎಳೆಯದಂತೆ ತಡೆಯುವ ಹೊಂದಾಣಿಕೆ) ಸೊನ್ನೆಗೆ ಇಟ್ಟು, ತೋಳು ತಾನಾಗಿ ಗಾಳಿಯಲ್ಲಿ ಮಟ್ಟಸವಾಗಿ ನಿಲ್ಲುವವರೆಗೆ ಹಿಂದಿನ ತೂಕದ ಬಿಲ್ಲೆ ತಿರುಗಿಸಿ. ಆಮೇಲೆ ಅಂಕಿಯ ಉಂಗುರವನ್ನಷ್ಟೇ ಸೊನ್ನೆಗೆ ತಂದು, ಬಿಲ್ಲೆಯನ್ನು 2ಕ್ಕೆ ತಿರುಗಿಸಿ, ಆ್ಯಂಟಿ-ಸ್ಕೇಟಿಂಗನ್ನೂ 2 ಮಾಡಿ. ಸ್ಪೀಕರಿನಲ್ಲಿ ಗುಂಯ್ ಎಂದರೆ ಮೊದಲು ಅರ್ಥ್ ತಂತಿ ಫೋನೊ ಆಂಪ್ಲಿಫೈಯರಿಗೆ ಸಿಕ್ಕಿದೆಯೇ ನೋಡಿ. ಕರೆಂಟು ಹೋದಾಗ ಇನ್ವರ್ಟರಿನಲ್ಲಿ ಮಾತ್ರ ಮೊರೆತ ಬಂದರೆ ಅದು ಸ್ಕ್ವೇರ್ ವೇವ್ ಇನ್ವರ್ಟರ್ ಇರಬಹುದು; ಎಸಿ ಮೋಟರಿನ ಟರ್ನ್‌ಟೇಬಲ್ಲಿಗೆ ಅದು ಆಗಿಬರುವುದಿಲ್ಲ, ಸೈನ್ ವೇವ್ ಬೇಕು.

ಇಲ್ಲಿನ ದೊಡ್ಡ ಶತ್ರು ಮಳೆಗಾಲ. ಜುಲೈಯಲ್ಲಿ ತೇವಾಂಶ ಶೇ. 85 ದಾಟುವುದು ಮಾಮೂಲು. ವಿನೈಲ್ ಬೂಷ್ಟಿಗೆ ಆಹಾರವಲ್ಲ, ಆದರೆ ಕಾಗದದ ಕವರು, ಧೂಳು, ಬೆರಳಿನ ಎಣ್ಣೆ ಎಲ್ಲ ಆಹಾರವೇ. ಒಳಗಿನ ಕಾಗದದ ಚೀಲ ತೆಗೆದು ಪಾಲಿಥೀನ್ ಒಳಪದರದ್ದು ಹಾಕಿ. ಮಳೆ ಬಡಿಯುವ ಹೊರಗೋಡೆಯಿಂದ ಕಪಾಟು ದೂರವಿರಲಿ. ರೆಕಾರ್ಡುಗಳು ನೆಟ್ಟಗೆ ನಿಂತಿರಲಿ; ಒಂದರ ಮೇಲೊಂದು ಪೇರಿಸಿದರೆ ಸೆಖೆಗೆ ಬಾಗುತ್ತವೆ. ಸಿಲಿಕಾ ಜೆಲ್ ಮುಚ್ಚಿದ ಪೆಟ್ಟಿಗೆಯಲ್ಲಿ ಮಾತ್ರ ಕೆಲಸ ಮಾಡುತ್ತದೆ, ತೆರೆದ ಶೆಲ್ಫಿನಲ್ಲಿಟ್ಟರೆ ಇಡೀ ಕೋಣೆಯ ತೇವ ಹೀರಿ ಒಂದೆರಡು ದಿನಕ್ಕೇ ಸೋಲುತ್ತದೆ.

ಬೂಷ್ಟು ಬಂದೇಬಿಟ್ಟರೆ ನಾಲ್ಕು ಪಾಲು ಡಿಸ್ಟಿಲ್ಡ್ ವಾಟರಿಗೆ ಒಂದು ಪಾಲು ಐಸೊಪ್ರೊಪೈಲ್ ಆಲ್ಕೊಹಾಲ್ ಬೆರೆಸಿ, ಅರ್ಧ ಲೀಟರಿಗೆ ಒಂದೇ ತೊಟ್ಟು ಪಾತ್ರೆ ತೊಳೆಯುವ ದ್ರವ ಹಾಕಿ. ಮೈಕ್ರೊಫೈಬರ್ ಬಟ್ಟೆಯಿಂದ ಗೆರೆಯ ದಿಕ್ಕಿಗೇ ಸುತ್ತುತ್ತ ಒರೆಸಿ, ಲೇಬಲ್ ನೆನೆಯದ ಹಾಗೆ ನೋಡಿಕೊಳ್ಳಿ, ಕೊನೆಗೆ ಬರೀ ಡಿಸ್ಟಿಲ್ಡ್ ವಾಟರಿನಲ್ಲಿ ಇನ್ನೊಮ್ಮೆ. ಬಾವಿ ನೀರು ಬೇಡ. ಒಣಗಿದ ಮೇಲೆ ಅದರ ಲವಣ ಗೆರೆಯಲ್ಲಿ ಉಳಿದು ಚಟಪಟ ಎನ್ನುತ್ತದೆ. ಅಜ್ಜನ ಕಾಲದ ಅರಗಿನ 78 ಆರ್‌ಪಿಎಂ ತಟ್ಟೆಗಳಿಗೆ ಈ ದ್ರಾವಣ ಮುಟ್ಟಿಸಲೇಬೇಡಿ, ಆಲ್ಕೊಹಾಲು ಅರಗನ್ನು ಕರಗಿಸುತ್ತದೆ.

1971ರ ಯುನೈಟೆಡ್ ಆರ್ಟಿಸ್ಟ್ಸ್ ಕಂಪನಿಯ ಮೂಲ ಮುದ್ರಣದ ಹಿಂದೆ ಓಡಬೇಕಿಲ್ಲ. ಸ್ಪೂನ್-ಮ್ಯೂಟ್ ಕಂಪನಿಗಳ ಮರುಮುದ್ರಣವೇ ಸಾಕು. ಹೊರಗಿನಿಂದ ತರಿಸುವಾಗ ತಟ್ಟೆಗಳನ್ನು ಕವರಿನಿಂದ ಹೊರಗಿಟ್ಟು ಪ್ಯಾಕ್ ಮಾಡಲು ಮಾರುವವರಿಗೆ ಹೇಳಿ, ಇಲ್ಲವಾದರೆ ದಾರಿಯಲ್ಲಿ ಅಲುಗಾಡಿ ಕವರಿನ ಅಂಚು ಸೀಳುತ್ತದೆ. ಟರ್ನ್‌ಟೇಬಲ್ ಇಲ್ಲದವರಿಗೆ 2011ರ ಎರಡು ಸಿಡಿಗಳ ಆವೃತ್ತಿ ಒಳ್ಳೆಯದು, ಜೊತೆಗೆ 1972ರ ಸಂಗೀತ ಕಛೇರಿಯ ಮುದ್ರಣವೂ ಸಿಗುತ್ತದೆ.

ಇದು ಹಿಡಿಸಿದರೆ ಮುಂದಿನದು ಎಂಬ್ರಿಯೊ. ಮ್ಯೂನಿಕ್ಕಿನ ಈ ತಂಡ 1970ರ ದಶಕದ ಕೊನೆಗೆ ಬಸ್ಸಿನಲ್ಲೇ ಭಾರತಕ್ಕೆ ಬಂದು, ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಕಲಾವಿದರ ಜೊತೆ ನುಡಿಸಿತು. ಮೃದಂಗದ ಟಿ.ಎ.ಎಸ್. ಮಣಿ ಮತ್ತು ಗಾಯಕಿ ಆರ್.ಎ. ರಮಾಮಣಿ ಅವರೊಂದಿಗಿನ ಆ ಮುದ್ರಣಗಳಲ್ಲಿ ಜರ್ಮನ್ ತಂಡವೇ ನಮ್ಮ ತಾಳದ ಲೆಕ್ಕಕ್ಕೆ ಬಂದು ಕೂತಿದೆ.