‘ನಂಬರ್ ಒನ್ ಬೀಚ್’ ಎಂದು ನಕ್ಷೆ ಕೈಗೆ ಕೊಟ್ಟರೆ, ಮೊದಲು ಉಬ್ಬರದ ಹೊತ್ತು ಕೇಳಿ

ರಜೆಗೆಂದು ಕಡಲ ದಂಡೆಯ ಊರಿಗೆ ಹೊರಟವರು ದಯವಿಟ್ಟು ಇದನ್ನೊಮ್ಮೆ ಓದಿ. ಮಕ್ಕಳು, ವಯಸ್ಸಾದವರು ಜೊತೆಗಿದ್ದರಂತೂ ಓದಲೇಬೇಕು. ಇಂಥ ಊರುಗಳ ಸುತ್ತಮುತ್ತ ಐದಾರು ಬೀಚ್‌ಗಳಿರುತ್ತವೆ. ರೆಸಾರ್ಟಿನವರು ಅವುಗಳ ಪಟ್ಟಿ ಮಾಡಿ, ಒಂದೊಂದಕ್ಕೂ ಇಷ್ಟಿಷ್ಟು ನಕ್ಷತ್ರ ಹಾಕಿ, ನಕ್ಷೆಯೊಂದನ್ನು ಕೈಗೆ ಕೊಡುತ್ತಾರೆ. ನಮಗೂ ಕೊಟ್ಟರು. ಆ ಪಟ್ಟಿಯಲ್ಲಿ ಮೊದಲ ಸ್ಥಾನದಲ್ಲಿದ್ದ ಬೀಚ್‌ನಿಂದ ನಮ್ಮ ಮನೆಮಂದಿಯೆಲ್ಲ ಯಾರದೋ ದೋಣಿ ಹತ್ತಿ ವಾಪಸ್ ಬರಬೇಕಾಯಿತು, ಭಾವನ ಮೊಣಕಾಲಿಂದ ರಕ್ತ ಇನ್ನೂ ನಿಂತಿರಲಿಲ್ಲ. ರೆಸಾರ್ಟಿನ ಹೆಸರು, ಊರಿನ ಹೆಸರು ಬರೆಯುತ್ತಿಲ್ಲ. ಬರೆದರೆ ‘ಓ, ಅಲ್ಲಿಗೆ ಹೋಗದಿದ್ದರಾಯಿತು’ ಅಂದುಕೊಂಡು ಸುಮ್ಮನಾಗಿಬಿಡುತ್ತೀರಿ. ಇಂಥ ನಕ್ಷೆ ಎಲ್ಲ ಕಡೆಯೂ ಸಿಗುತ್ತದೆ.

ನಕ್ಷೆಯ ಮೇಲಿದ್ದ ಫೋಟೋ ಡ್ರೋನ್‌ನಿಂದ ತೆಗೆದದ್ದು. ಎರಡು ಕಡೆ ಕಡಲೊಳಗೆ ಚಾಚಿದ ಬಂಡೆ, ನಡುವೆ ಅಗಲವಾದ ಮರಳು, ಹಿಂದೆ ನೆಟ್ಟಗೆ ಎದ್ದ ಗುಡ್ಡ. ‘ಜನಸಂದಣಿ ಇಲ್ಲದ ಗುಪ್ತ ಬೀಚ್’ ಎಂದು ಕೆಳಗೆ ಬರೆದಿತ್ತು. ಎಷ್ಟು ಹೊತ್ತಿಗೆ ಹೋದರೆ ಒಳ್ಳೆಯದು ಅಂತ ಅಕ್ಕ ರಿಸೆಪ್ಷನ್‌ನಲ್ಲಿ ಕೇಳಿದಳು. ‘ಯಾವಾಗ ಬೇಕಾದ್ರೂ ಹೋಗಿ ಮೇಡಂ, ಸಂಜೆ ಆದ್ರೆ ಫೋಟೋ ಚೆನ್ನಾಗಿ ಬರುತ್ತೆ’ ಎಂಬ ಉತ್ತರ ಬಂತು. ಅವತ್ತೇ ರಾತ್ರಿ ದಂಡೆಯ ಮೇಲೆ ಹುಣ್ಣಿಮೆ ಬೆಳದಿಂಗಳ ಕಾರ್ಯಕ್ರಮ ಇಟ್ಟುಕೊಂಡಿದ್ದರು. ಹುಣ್ಣಿಮೆಗೆ ಕಡಲು ಎಷ್ಟು ಮೇಲೇರುತ್ತದೆ ಅನ್ನುವುದನ್ನು ಮಾತ್ರ ಯಾರೂ ಬಾಯಿ ಬಿಡಲಿಲ್ಲ.

ಆ ಬೀಚ್‌ಗೆ ಹೋಗುವ ದಾರಿಯೆಂದರೆ ಬಂಡೆಯ ಮೂತಿಯನ್ನು ಬಳಸಿ, ಒದ್ದೆ ಮರಳಿನ ಮೇಲೆ ನಡೆದು ಹೋಗುವುದು. ಬೇರೆ ದಾರಿಯೇ ಇಲ್ಲ. ಆ ಬಂಡೆಯ ಮೇಲೆ ನನ್ನ ಎದೆಮಟ್ಟಕ್ಕೊಂದು ಗೆರೆ ಎಳೆದ ಹಾಗಿತ್ತು. ಗೆರೆಯ ಮೇಲೆ ಕಲ್ಲು ಒಣಗಿ ಬೆಳ್ಳಗಿದೆ. ಕೆಳಗೆ ಕರಿಹಸಿರು ಪಾಚಿ, ಅದರೊಳಗೆ ಕಲ್ಲಿಗೇ ಕಚ್ಚಿಕೊಂಡ ಸಣ್ಣ ಸಣ್ಣ ಚಿಪ್ಪು. ಅಕ್ಕನ ಮಗ ಕೈಯೂರಿ, ‘ಮಾಮ, ಇದು ಬ್ಲೇಡ್ ಇದ್ದಂಗಿದೆ’ ಅಂದ. ದಿನವೂ ನೀರು ಎಲ್ಲಿಯವರೆಗೆ ಬರುತ್ತದೆ ಎನ್ನುವುದಕ್ಕೆ ಆ ಗೆರೆಗಿಂತ ಒಳ್ಳೆಯ ಗುರುತಿಲ್ಲ. ಅಷ್ಟನ್ನು ಹೇಳುವ ಒಂದು ಬೋರ್ಡೂ ಅಲ್ಲಿರಲಿಲ್ಲ. ನಕ್ಷೆಯಲ್ಲಿ ಆ ದಾರಿಗೆ ಚುಕ್ಕೆ ಸಾಲು ಎಳೆದು, ನಡೆದು ಹೋಗುವ ಮನುಷ್ಯನ ಚಿತ್ರ ಹಾಕಿದ್ದರು.

ಬೀಚ್ ನಿಜಕ್ಕೂ ಚೆಂದವೇ. ಅದಕ್ಕೆ ಸುಳ್ಳು ಹೇಳಲಾರೆ. ತೆರೆಗಳು ಸಾಲಾಗಿ ಬಂದು ಒಡೆಯುತ್ತಿದ್ದವು, ಬಲಗಡೆಯ ಬಂಡೆಗೆ ತಾಗಿದ ಹಾಗೆ ಮಾತ್ರ ಒಂದು ಪಟ್ಟೆ ಶಾಂತವಾಗಿತ್ತು. ಅಲ್ಲಿ ನೊರೆಯಿಲ್ಲ, ನೀರು ಸ್ವಲ್ಪ ಕಪ್ಪಗೆ. ಭಾವ ಈಜು ಬಲ್ಲವರು. ಮಕ್ಕಳನ್ನು ಇಳಿಸುವ ಮೊದಲು ತಾವು ನೋಡಿ ಬರುತ್ತೇನೆಂದು ಆ ಶಾಂತ ಜಾಗವನ್ನೇ ಆರಿಸಿ ಇಳಿದರು. ಸೊಂಟದ ನೀರಿನಲ್ಲಿ ನಿಂತಿದ್ದವರು ನಾವು ಚಾಪೆ ಹಾಸಿ ತಲೆಯೆತ್ತುವಷ್ಟರಲ್ಲಿ ಬಂಡೆಯ ತುದಿಯ ಹತ್ತಿರ ಇದ್ದರು. ದಡದ ಕಡೆಗೇ ಮುಖ ಮಾಡಿ ಕೈ ಬೀಸುತ್ತಿದ್ದಾರೆ, ದೂರ ಮಾತ್ರ ಹೆಚ್ಚುತ್ತಲೇ ಇದೆ. ಅಕ್ಕ ಕೂಗಿದ ಕೂಗು ಅವರಿಗೆ ಕೇಳಿಸಿದ್ದೇ ಇಲ್ಲವಂತೆ. ಕೊನೆಗೆ ಸುಸ್ತಾಗಿ ಅಂಗಾತ ತೇಲಿದರು. ಸೆಳೆತ ಹೊರಗೆ ಹೋಗಿ ಸಡಿಲವಾದ ಮೇಲೆ ತೆರೆಗಳೇ ಅವರನ್ನು ಪಕ್ಕದಿಂದ ಒಳಕ್ಕೆ ತಂದವು. ಆದರೆ ತಂದು ಹಾಕಿದ್ದು ಆ ಚಿಪ್ಪಿನ ಬಂಡೆಯ ಮೇಲೆ.

ಈ ಗಡಿಬಿಡಿಯಲ್ಲಿ ಯಾರೂ ಮರಳಿನ ಕಡೆ ನೋಡಿರಲಿಲ್ಲ. ಅಮ್ಮ, ‘ಚಪ್ಪಲಿ ತೇಲ್ತಾ ಇದಾವಲ್ಲೋ’ ಅಂದಾಗಲೇ ತಿರುಗಿ ನೋಡಿದ್ದು. ಬಂದ ದಾರಿಯಲ್ಲಿ ಬಂಡೆಯ ಮೂತಿಗೆ ತೆರೆ ಅಪ್ಪಳಿಸುತ್ತಿದೆ. ಹಿಂದೆ ಗುಡ್ಡ ಹತ್ತಲು ದಾರಿಯಿಲ್ಲ. ಫೋನಿಗೆ ಸಿಗ್ನಲ್ ಇಲ್ಲ. ಗುಡ್ಡದ ಬುಡದಲ್ಲಿ ಒಂದು ಕೋಣೆಯಷ್ಟು ಮರಳು ಉಳಿದಿದ್ದಾಗ ಪ್ರವಾಸಿಗರನ್ನು ಸುತ್ತಾಡಿಸಿ ಮರಳುತ್ತಿದ್ದ ದೋಣಿಯೊಂದು ಕಂಡಿತು. ಅಮ್ಮನ ಸೆರಗು, ನನ್ನ ಅಂಗಿ ಎಲ್ಲ ಬೀಸಿದೆವು. ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಹೆಗಲ ಮೇಲೆ ಹೊತ್ತು ದೋಣಿಗೆ ದಾಟಿಸಿದ್ದಾಯಿತು. ದೋಣಿಯವರು ಬೈಯಲಿಲ್ಲ. ‘ಈ ಹೊತ್ತಲ್ಲಿ ಇಲ್ಲಿಗೆ ಹೋಗಿ ಅಂತ ಯಾರು ಹೇಳಿದ್ರು?’ ಅಂದರು ಅಷ್ಟೇ. ಅಕ್ಕ ಒದ್ದೆ ನಕ್ಷೆ ತೋರಿಸಿದಳು. ಅವರು ಫೋಟೋ ನೋಡಿ, ‘ಇದು ಪೂರ್ತಿ ಇಳಿತದಲ್ಲಿ ತೆಗೆದದ್ದು. ಉಬ್ಬರಕ್ಕೆ ಇಲ್ಲಿ ಬೀಚೇ ಇರಲ್ಲ’ ಅಂದರು.

ಈ ಮಾತೊಂದನ್ನು ನೆನಪಿಟ್ಟುಕೊಳ್ಳಿ. ಬೀಚ್ ಅನ್ನುವುದು ದಿನವಿಡೀ ಒಂದೇ ಆಕಾರದಲ್ಲಿ ಇರುವ ಜಾಗವಲ್ಲ. ಹೆಚ್ಚಿನ ಕಡಲತೀರಗಳಲ್ಲಿ ದಿನಕ್ಕೆರಡು ಸಲ ಉಬ್ಬರ, ಎರಡು ಸಲ ಇಳಿತ. ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ, ಹಾಗಾಗಿ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಹೋದ ವಾರ ಇಷ್ಟು ಹೊತ್ತಿಗೆ ಹೋದವರಿಗೆ ಏನೂ ಆಗಲಿಲ್ಲ ಎನ್ನುವ ಲೆಕ್ಕ ಈ ವಾರಕ್ಕೆ ತಾಳೆಯಾಗದು. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಹೆಚ್ಚು ಏರುತ್ತದೆ, ಹೆಚ್ಚು ಇಳಿಯುತ್ತದೆ. ಇಳಿತದಲ್ಲಿ ಮರಳು ಅಗಲವಾಗಿ ಕಂಡು ಆಸೆ ಹುಟ್ಟಿಸುವುದೂ ಆ ದಿನಗಳಲ್ಲೇ.

ಏರುವುದೂ ಒಂದೇ ಸಮನಾಗಿ ಏರುವುದಿಲ್ಲ. ಮೊದಲ ಗಂಟೆಯಲ್ಲಿ ಗೊತ್ತೇ ಆಗದಷ್ಟು. ಸುಮಾರು ಆರು ಗಂಟೆಯಲ್ಲಿ ಒಟ್ಟು ಏರುವ ನೀರಿನ ಅರ್ಧದಷ್ಟು ಮಧ್ಯದ ಎರಡು ಗಂಟೆಗಳಲ್ಲೇ ನುಗ್ಗುತ್ತದೆ. ಮರಳು 50 ಮೀಟರಿಗೆ ಒಂದು ಮೀಟರ್ ಇಳಿಜಾರಿದ್ದರೆ, ನೀರು ಎರಡು ಮೀಟರ್ ಏರಿದಾಗ ಅದರ ಅಂಚು 100 ಮೀಟರ್ ಒಳಗೆ ಬಂದಿರುತ್ತದೆ. ಉಬ್ಬರ–ಇಳಿತದ ಪಟ್ಟಿ ಬಂದರುಗಳಲ್ಲಿ, ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದೆ. ಬಂಡೆ ಬಳಸಿ ಹೋಗುವ ಬೀಚ್ ಆದರೆ ನೀರು ಇಳಿಯುತ್ತಿರುವಾಗ ಹೋಗಿ, ಇಳಿತ ಮುಗಿಯುವಷ್ಟರಲ್ಲಿ ವಾಪಸ್ ಹೊರಡಬೇಕು.

ಇನ್ನು ಭಾವ ಆರಿಸಿದ ಆ ಶಾಂತ ಪಟ್ಟೆ. ಮರುದಿನ ಪಟ್ಟಿಯಲ್ಲೇ ಇಲ್ಲದ ಒಂದು ಸಾಮಾನ್ಯ ಬೀಚ್‌ನಲ್ಲಿ ಲೈಫ್‌ಗಾರ್ಡ್ ಒಬ್ಬರು ಸಿಕ್ಕಿದರು. ಮೊಣಕಾಲಿನ ಬ್ಯಾಂಡೇಜ್ ನೋಡಿ ತಾವಾಗಿಯೇ ಮಾತಿಗೆ ಬಂದು, ನಮ್ಮನ್ನು ಎತ್ತರದ ದಿಬ್ಬಕ್ಕೆ ಕರೆದೊಯ್ದು ನೀರು ತೋರಿಸಿದರು. ತೆರೆಗಳು ದಡಕ್ಕೆ ತಂದು ಸುರಿದ ನೀರು ಎಲ್ಲಿಂದಲಾದರೂ ಹಿಂದಕ್ಕೆ ಹೋಗಲೇಬೇಕಲ್ಲ. ಆಳ ಹೆಚ್ಚಿರುವ ಕಾಲುವೆಯಂಥ ಜಾಗ ಹಿಡಿದು ಅದು ಹೊರಗೆ ಓಡುತ್ತದೆ. ಆಳ ಹೆಚ್ಚಿರುವುದರಿಂದಲೇ ಅಲ್ಲಿ ತೆರೆ ಒಡೆಯುವುದಿಲ್ಲ, ನೋಡುವವರಿಗೆ ಶಾಂತವಾಗಿ ಕಾಣುತ್ತದೆ. ಎರಡು ಬದಿ ಬಿಳಿ ನೊರೆ, ನಡುವೆ ಕಪ್ಪು ಓಣಿ, ಆ ಓಣಿಯಲ್ಲಿ ನೊರೆಯೋ ಕಸವೋ ಕಡಲ ಕಡೆಗೆ ಸಾಗುತ್ತಿದ್ದರೆ ಅದೇ ಸೆಳೆತ. ಚಾಚಿದ ಬಂಡೆ, ಕಲ್ಲಿನ ಅಡ್ಡಗೋಡೆ, ಜೆಟ್ಟಿಗಳ ಪಕ್ಕದಲ್ಲಿ ಇಂಥದ್ದು ಹೆಚ್ಚುಕಡಿಮೆ ಕಾಯಂ. ಜೋರಾದ ಸೆಳೆತದ ವೇಗ ಸೆಕೆಂಡಿಗೆ ಎರಡೂವರೆ ಮೀಟರ್‌ವರೆಗೂ ಹೋಗುತ್ತದೆ, ಒಲಿಂಪಿಕ್ ಈಜುಗಾರರೂ ಅದರೆದುರು ಈಜಿ ದಡ ಸೇರಲಾರರು. ಅದು ಕೆಳಗೆ ಮುಳುಗಿಸುವುದಿಲ್ಲ, ಹೊರಗೆ ಎಳೆಯುತ್ತದೆ. ಜನ ಸಾಯುವುದು ಅದರ ಜೊತೆ ಗುದ್ದಾಡಿ ದಣಿದು. ಸಿಕ್ಕಿಕೊಂಡರೆ ತೇಲಬೇಕು, ಕೈಯೆತ್ತಿ ಸಹಾಯ ಕೇಳಬೇಕು, ಶಕ್ತಿಯಿದ್ದರೆ ದಡಕ್ಕೆ ಸಮಾನಾಂತರವಾಗಿ ಈಜಿ ನೊರೆಯಿರುವ ಕಡೆಗೆ ಬರಬೇಕು. ದಡದಲ್ಲಿರುವವರು ಬರಿಗೈಲಿ ಹಾರಲೇಬಾರದು. ತೇಲುವುದೇನಾದರೂ ಎಸೆಯಬೇಕು. ಕಾಪಾಡಲು ಇಳಿದವರೇ ಮುಳುಗುವುದು ಎಷ್ಟೋ ಸಲ ಆಗಿದೆ ಎಂದು ಅವರು ಹೇಳುವಾಗ ಅಕ್ಕ ನನ್ನ ಮುಖ ನೋಡಿದಳು. ನಾನು ಹಾರುವುದರಲ್ಲಿದ್ದೆ, ಅಮ್ಮ ಅಂಗಿ ಹಿಡಿದು ನಿಲ್ಲಿಸಿದ್ದರು.

ಪಟ್ಟಿಯ ಉಳಿದ ನಕ್ಷತ್ರಗಳ ಕಥೆಯೂ ಅಷ್ಟೇ. ಎರಡನೆಯದು ‘ಕಾಲಿಗೆ ಅಂಟದ ಮರಳು’ ಎಂದು ಹೊಗಳಿಸಿಕೊಂಡ ಬೀಚ್. ಅಂಟದ ಮರಳು ಎಂದರೆ ದಪ್ಪ ಮರಳು, ದಪ್ಪ ಮರಳಿನ ದಂಡೆ ಸಾಮಾನ್ಯವಾಗಿ ಕಡಿದಾಗಿರುತ್ತದೆ. ಅಲ್ಲಿ ತೆರೆ ದೂರದಲ್ಲಿ ಒಡೆದು ಸೋತು ಬರುವುದಿಲ್ಲ, ಕಾಲ ಬುಡದಲ್ಲೇ ಮಡಚಿ ಬೀಳುತ್ತದೆ. ಅಮ್ಮ ಬರೀ ಪಾದ ನೆನೆಸಲು ನಿಂತಿದ್ದರು. ಹಿಂದಿರುಗುವ ನೀರು ಹಿಮ್ಮಡಿಯ ಕೆಳಗಿನ ಮರಳನ್ನೇ ಕೆತ್ತಿಕೊಂಡು ಹೋಗಿ, ಅವರು ಕೂತ ಹಾಗೆ ಬಿದ್ದರು. ಇಂಥ ದಂಡೆಯಲ್ಲಿ ತೆರೆ ತಮ್ಮನ್ನು ತಲೆಕೆಳಗಾಗಿ ಮರಳಿಗೆ ಕುಕ್ಕಿದ್ದರಿಂದ ಕತ್ತು ಮುರಿದುಕೊಂಡವರಿದ್ದಾರೆ, ಅದೂ ಸೊಂಟದಷ್ಟು ನೀರಿನಲ್ಲಿ. ಮಕ್ಕಳಿಗೆ, ವಯಸ್ಸಾದವರಿಗೆ ಬೇಕಾದ್ದು ನುಣ್ಣನೆ ಮರಳಿನ ಚಪ್ಪಟೆ ದಂಡೆ. ಮರಳು ಕಾಲಿಗೆ ಅಂಟಲಿ ಬಿಡಿ.

ಮೂರನೆಯದು ‘ಫ್ಯಾಮಿಲಿ ಬೀಚ್’. ಹಿಂದಿನ ರಾತ್ರಿ ಜೋರು ಮಳೆ. ದಂಡೆಯ ಒಂದು ತುದಿಯಲ್ಲಿ ಊರಿನ ನೀರು ಹೊತ್ತು ತರುವ ತೋಡು ಕಡಲಿಗೆ ಸೇರುತ್ತಿತ್ತು, ನೀರು ಕೆಂಪುಮಿಶ್ರಿತ ಕಂದು. ಆ ಊರಿನವರೊಬ್ಬರೂ ನೀರಿಗಿಳಿದಿರಲಿಲ್ಲ, ಇಳಿದವರೆಲ್ಲ ನಮ್ಮಂಥ ಅತಿಥಿಗಳೇ. ಜೋರು ಮಳೆಯ ನಂತರ ಒಂದು ದಿನವಾದರೂ, ಸಾಧ್ಯವಾದರೆ ಮೂರು ದಿನ, ಇಂಥ ಕಡೆ ನೀರಿಗಿಳಿಯಬಾರದು. ಚರಂಡಿಯ ಕೊಳೆಯೆಲ್ಲ ಅಲ್ಲಿಗೇ ಬಂದಿರುತ್ತದೆ.

ಅಲ್ಲೇ ಗಾಳಿ ತುಂಬಿದ ಟ್ಯೂಬು, ಹಾಸಿಗೆಗಳನ್ನು ಬಾಡಿಗೆಗೆ ಕೊಡುತ್ತಿದ್ದರು, ಗಾಳಿ ನೆಲದಿಂದ ಕಡಲಿಗೆ ಬೀಸುತ್ತಿದ್ದ ಬೆಳಗಿನ ಹೊತ್ತಲ್ಲಿ. ಅಂಥ ಗಾಳಿಗೆ ದಡದ ನೀರು ಕನ್ನಡಿ ಹಾಗೆ ನಯವಾಗಿ ಕಾಣುತ್ತದೆ, ಮಗು ಕೂತ ಟ್ಯೂಬು ಸದ್ದಿಲ್ಲದೆ ಕಡಲೊಳಕ್ಕೆ ಜಾರುತ್ತದೆ. ಕೆಲವು ಬೀಚ್‌ಗಳಲ್ಲಿ ಇದಕ್ಕೆಂದೇ ಕಿತ್ತಳೆ ಬಣ್ಣದ ಗಾಳಿಚೀಲ (ಗಾಳಿಯ ದಿಕ್ಕು ತೋರಿಸುವ ಬಟ್ಟೆಯ ಕೊಳವೆ) ಹಾರಿಸುತ್ತಾರೆ. ಅದು ಕಂಡರೆ ತೇಲುವ ಆಟಿಕೆ ಬೇಡ ಎಂದರ್ಥ.

ಬಾವುಟಗಳ ವಿಷಯವನ್ನೂ ಹೇಳಿಬಿಡುತ್ತೇನೆ, ಏಕೆಂದರೆ ನಮ್ಮ ಪಕ್ಕದ ಕೋಣೆಯವರು ಅವನ್ನು ಅಲಂಕಾರ ಅಂದುಕೊಂಡಿದ್ದರು. ಮೇಲೆ ಕೆಂಪು, ಕೆಳಗೆ ಹಳದಿ ಇರುವ ಎರಡು ಬಾವುಟಗಳ ನಡುವಿನ ಜಾಗಕ್ಕೆ ಕಾವಲಿದೆ, ಈಜುವುದಾದರೆ ಅಲ್ಲೇ. ಬರೀ ಹಳದಿ ಎಂದರೆ ಜೋಪಾನ. ಒಂದು ಕೆಂಪು ಎಂದರೆ ಅಪಾಯ ಹೆಚ್ಚು. ಎರಡು ಕೆಂಪು ಎಂದರೆ ನೀರಿಗೆ ಪ್ರವೇಶವಿಲ್ಲ. ನೇರಳೆ ಎಂದರೆ ಜೆಲ್ಲಿಫಿಶ್‌ನಂಥ ಕುಟುಕುವ ಜೀವಿಗಳಿವೆ. ಬಾವುಟವೇ ಇಲ್ಲವೆಂದರೆ ಕಡಲು ಸುರಕ್ಷಿತ ಎಂದಲ್ಲ, ನೋಡುವವರು ಯಾರೂ ಇಲ್ಲ ಎಂದು. ಲೈಫ್‌ಗಾರ್ಡ್‌ಗಳ ಡ್ಯೂಟಿ ಎಷ್ಟು ಗಂಟೆಗೆ ಮುಗಿಯುತ್ತದೆ ಎಂಬುದನ್ನೂ ಕೇಳಿಕೊಳ್ಳಿ.

ನಕ್ಷತ್ರಕ್ಕಿಂತ ಸ್ವಲ್ಪ ನಂಬಬಹುದಾದದ್ದು ಬ್ಲೂ ಫ್ಲ್ಯಾಗ್. 1985ರಲ್ಲಿ ಫ್ರಾನ್ಸಿನಲ್ಲಿ ಶುರುವಾಗಿ ಈಗ ಹಲವು ದೇಶಗಳಲ್ಲಿರುವ ಈ ಮಾನ್ಯತೆಗೆ ನೀರಿನ ಪರೀಕ್ಷೆ, ಸುರಕ್ಷತೆ, ಸ್ವಚ್ಛತೆ ಸೇರಿ 33 ಮಾನದಂಡಗಳಿವೆ. ಆದರೆ ಅದು ಒಂದು ಸೀಸನ್ನಿನ ಮಟ್ಟಿಗೆ ಕೊಡುವಂಥದ್ದು. ಹಳೆಯ ಫಲಕ ಇನ್ನೂ ನೇತಾಡುತ್ತಿದೆಯೋ, ಈ ವರ್ಷವೂ ಸಿಕ್ಕಿದೆಯೋ ನೋಡಬೇಕು. ನೀರು ಶುದ್ಧ ಎಂದರೆ ಸೆಳೆತ ಇಲ್ಲ ಎಂದೂ ಅಲ್ಲ. ಹೋದ ಬೇಸಿಗೆಯಲ್ಲಿ ಯಾರೋ ‘ಕೆರೆ ಇದ್ದಂಗಿದೆ’ ಎಂದು ಬರೆದ ರಿವ್ಯೂ ಮಳೆಗಾಲದ ಕಡಲಿಗೆ ಯಾವ ಉಪಯೋಗಕ್ಕೂ ಬಾರದು. ನೀರಿನಡಿಯ ಮರಳ ದಿಣ್ಣೆಗಳು ಜಾಗ ಬದಲಿಸುತ್ತವೆ, ಅವುಗಳ ಜೊತೆ ಸೆಳೆತದ ಜಾಗವೂ.

ರೆಸಾರ್ಟಿನ ಮ್ಯಾನೇಜರ್ ಹತ್ತಿರ ಹೋಗಿ ಇಷ್ಟನ್ನೂ ಹೇಳಿದೆವು. ನಕ್ಷೆಯ ಹಿಂಬದಿ ತಿರುಗಿಸಿ, ಕನ್ನಡಕ ಹಾಕಿಕೊಂಡರೂ ಕಷ್ಟಕ್ಕೆ ಓದುವಂಥ ಅಕ್ಷರದಲ್ಲಿದ್ದ ಒಂದು ಸಾಲು ತೋರಿಸಿದರು: ಸಮುದ್ರಕ್ಕಿಳಿಯುವುದು ಅತಿಥಿಗಳ ಸ್ವಂತ ಹೊಣೆ. ಉಬ್ಬರದ ಹೊತ್ತನ್ನು ಕೌಂಟರಿನ ಪಕ್ಕ ಒಂದು ಹಲಗೆ ಮೇಲೆ ದಿನಾ ಬರೆದಿಟ್ಟರೆ ಸಾಕಲ್ಲ ಎಂದು ಅಕ್ಕ ಕೇಳಿದಳು. ‘ಗೆಸ್ಟ್‌ಗಳು ಸುಮ್ನೆ ಗಾಬರಿ ಆಗ್ತಾರೆ ಮೇಡಂ’ ಅಂದರು. ನಾವು ಹೊರಡುವ ದಿನವೂ ಅದೇ ನಕ್ಷೆಯನ್ನು ಹೊಸದಾಗಿ ಬಂದ ಕುಟುಂಬವೊಂದಕ್ಕೆ ಕೊಡುತ್ತಿದ್ದರು. ಅವರನ್ನು ಲಾಬಿಯಲ್ಲೇ ನಿಲ್ಲಿಸಿ ಭಾವನ ಮೊಣಕಾಲು ತೋರಿಸಿ ಬಂದೆವು.

ಆದ್ದರಿಂದ ಕೋಣೆ ಬುಕ್ ಮಾಡುವ ಮೊದಲೇ ಫೋನ್ ಮಾಡಿ ಕೇಳಿ. ಪೂರ್ತಿ ಉಬ್ಬರದಲ್ಲಿ ನಿಮ್ಮ ಬೀಚ್ ಎಷ್ಟು ಅಗಲ ಉಳಿಯುತ್ತದೆ? ನಾವು ಬರುವ ತಿಂಗಳಲ್ಲಿ ಲೈಫ್‌ಗಾರ್ಡ್ ಇರುತ್ತಾರಾ? ಅಲ್ಲಿಗೆ ಹೋಗಲು ಬಂಡೆ ಬಳಸಬೇಕಾ, ಮೇಲಿನಿಂದ ಮೆಟ್ಟಿಲಿದೆಯಾ? ಹತ್ತಿರದಲ್ಲಿ ತೋಡು, ನದಿ ಸೇರುತ್ತದಾ? ಉತ್ತರ ಗೊತ್ತಿಲ್ಲದ ಹುಡುಗ ಫೋನೆತ್ತಿದರೆ ಗೊತ್ತಿರುವವರಿಗೆ ಕೊಡಲು ಹೇಳಿ. ‘ವಾಟ್ಸಾಪ್‌ನಲ್ಲಿ ಫೋಟೋ ಕಳಿಸ್ತೀವಿ ಸರ್’ ಅಂದರೆ, ಉಬ್ಬರದ ಹೊತ್ತಿನದ್ದೇ ಬೇಕು ಅನ್ನಿ.