ಸುಬಾರು 4ಇಎಟಿ ಗೇರ್‌ಬಾಕ್ಸ್: ಬಿಚ್ಚಿ ಬಿಸಾಕುವ ಮೊದಲು ಬಾಲ ನೋಡಿ

ಅಮೆರಿಕದ ಕೊಲೊರಾಡೊ, ವರ್ಮಾಂಟ್‌ನಂಥ ಹಿಮದ ಸೀಮೆಗೆ ಓದಲಿಕ್ಕೋ ಕೆಲಸಕ್ಕೋ ಹೋದವರು ಮೊದಲ ಚಳಿಗಾಲ ಬರುವಷ್ಟರಲ್ಲಿ ಹಳೇ ಸುಬಾರು ಕಾರು ಹುಡುಕಲು ಶುರುಮಾಡುತ್ತಾರೆ. ತೊಂಬತ್ತರ ದಶಕದ ಲೆಗಸಿ, ಔಟ್‌ಬ್ಯಾಕ್, ಇಂಪ್ರೆಜಾಗಳು ಅಗ್ಗಕ್ಕೆ ಸಿಗುತ್ತವೆ. ಇನ್ನೂ ಅಗ್ಗಕ್ಕೆ ಸಿಕ್ಕಿದರೆ ಜಾಹೀರಾತಿನಲ್ಲಿ ‘ಗೇರ್‌ಬಾಕ್ಸ್ ಹೋಗಿದೆ’ ಎಂಬ ಸಾಲು ಇದ್ದೇ ಇರುತ್ತದೆ. ಆ ಗಾಡಿಗಳಲ್ಲಿರುವ ನಾಲ್ಕು ಗೇರಿನ 4ಇಎಟಿ ಆಟೋಮ್ಯಾಟಿಕ್ ಬಗ್ಗೆ ನಮ್ಮ ತೀರ್ಪು: ಪೆಟ್ಟಿಗೆ ಗಟ್ಟಿ, ಬಾಲ ಮಾತ್ರ ನಾಜೂಕು. ಹೋಗಿದೆ ಎನ್ನುವ ಎಷ್ಟೋ ಪೆಟ್ಟಿಗೆಗಳಲ್ಲಿ ಕೆಟ್ಟಿರುವುದು ಆ ಬಾಲವಷ್ಟೇ.

ಬಾಲ ಎಂದರೆ ಗೇರ್‌ಬಾಕ್ಸಿನ ಹಿಂತುದಿ. ಅದರ ಕವಚದೊಳಗೆ ಒಂದು ಕ್ಲಚ್ ಪ್ಲೇಟ್ ಕಟ್ಟು ಇದೆ. ಹಿಂದಿನ ಚಕ್ರಗಳಿಗೆ ಎಷ್ಟು ಬಲ ಹೋಗಬೇಕೆಂದು ನಿರ್ಧರಿಸುವುದು ಅದೇ. ಅದರ ಬಿಗಿತವನ್ನು ‘ಡ್ಯೂಟಿ ಸಿ’ ಎಂಬ ಸೊಲೆನಾಯ್ಡ್, ಅಂದರೆ ಕರೆಂಟಿನಿಂದ ಆಡುವ ವಾಲ್ವ್, ಹಿಡಿತದಲ್ಲಿಡುತ್ತದೆ. ಇದರ ಲೆಕ್ಕ ನಾವು ಅಂದುಕೊಳ್ಳುವುದಕ್ಕೆ ತಿರುಗುಮುರುಗು: ಕರೆಂಟ್ ಕೊಟ್ಟರೆ ಕ್ಲಚ್ ಸಡಿಲ, ಕರೆಂಟ್ ಇಲ್ಲದಿದ್ದರೆ ಪೂರ್ತಿ ಬಿಗಿ. ಹಾಗಾಗಿ ಸೊಲೆನಾಯ್ಡ್ ಸುಟ್ಟರೆ ಫೋರ್‌ವೀಲ್ ತಪ್ಪುವುದಿಲ್ಲ, ಸದಾ ಕಚ್ಚಿಕೊಂಡಿರುತ್ತದೆ. ಒಣ ರಸ್ತೆಯಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನಕ್ಕೆ ಸುತ್ತು ಹೊಡೆದರೆ ಗಾಡಿ ಯಾರೋ ಹಿಂದಿನಿಂದ ಹಿಡಿದೆಳೆದಂತೆ ತಡೆಯುತ್ತದೆ, ಟೈರು ಕುಪ್ಪಳಿಸುತ್ತದೆ. ಇದಕ್ಕೆ ಟಾರ್ಕ್ ಬೈಂಡ್ ಎನ್ನುತ್ತಾರೆ. ಇಂಜಿನ್ ಬಿಸಿಯಾದ ಮೇಲೇ ಪರೀಕ್ಷಿಸಿ. ತಣ್ಣಗಿದ್ದಾಗ ಎಷ್ಟೋ ಸಲ ಕಾಣಿಸಿಕೊಳ್ಳುವುದೇ ಇಲ್ಲ.

ತಯಾರಕರೇ ಕೊಟ್ಟಿರುವ ಒಂದು ಪರೀಕ್ಷೆಗೆ ಪೂರ್ತಿ ಅಂಕ ಕೊಡಬೇಕು. ಬಾನೆಟ್ ಕೆಳಗೆ ‘ಎಫ್‌ಡಬ್ಲ್ಯುಡಿ’ (ಮುಂದಿನ ಚಕ್ರಗಳಿಗಷ್ಟೇ ಬಲ) ಎಂದು ಬರೆದ ಖಾಲಿ ಫ್ಯೂಸ್ ಗೂಡು ಇರುತ್ತದೆ. ಇಂಜಿನ್ ಆರಿಸಿ ಅಲ್ಲಿ ಒಂದು ಫ್ಯೂಸ್ ಸಿಕ್ಕಿಸಿ, ಮತ್ತೆ ಅದೇ ಸುತ್ತು ಹೊಡೆಯಿರಿ. ಡ್ಯಾಶ್‌ಬೋರ್ಡಿನಲ್ಲಿ ಅದೇ ಹೆಸರಿನ ದೀಪ ಉರಿದು ಹಿಡಿತ ಬಿಟ್ಟರೆ ಸೊಲೆನಾಯ್ಡೂ ಪ್ಲೇಟೂ ಬದುಕಿವೆ. ತಪ್ಪನ್ನು ಟೈರಿನಲ್ಲಿ, ಆಯಿಲ್‌ನಲ್ಲಿ, ಸ್ಪೀಡ್ ಸೆನ್ಸರಿನಲ್ಲಿ ಹುಡುಕಿ. ದೀಪ ಉರಿದೂ ಹಿಡಿತ ಬಿಡದಿದ್ದರೆ ಬಾಲ ಬಿಚ್ಚಬೇಕು. ದೀಪವೇ ಉರಿಯದಿದ್ದರೆ ಮೊದಲು ವೈರಿಂಗ್ ನೋಡಿ. ಕೆಲವು ಟರ್ಬೊ ಮಾದರಿಗಳಲ್ಲಿ ಬರುವ, ಬಲ ಹಂಚುವ ರೀತಿಯೇ ಬೇರೆಯಾದ ವಿಟಿಡಿ ಪೆಟ್ಟಿಗೆಗೆ ಈ ಗೂಡು ಇರುವುದಿಲ್ಲ, ಹುಡುಕಿ ಸುಸ್ತಾಗಬೇಡಿ.

ಇಂಜಿನ್ ಸ್ಟಾರ್ಟ್ ಮಾಡಿದಾಗ ‘ಎಟಿ ಆಯಿಲ್ ಟೆಂಪ್’ ದೀಪ 16 ಸಲ ಮಿಟುಕಿದರೆ ಗೇರ್‌ಬಾಕ್ಸ್ ಕಂಪ್ಯೂಟರಿನಲ್ಲಿ ದೋಷದ ಕೋಡ್ ಕೂತಿದೆ ಎಂದರ್ಥ. ಆ ಕೋಡ್ ಸಂಖ್ಯೆ 24 ಆದರೆ ತಪ್ಪು ಡ್ಯೂಟಿ ಸಿಯದು. ಅದರ ಕಾಯಿಲ್‌ಗೆ ಮೀಟರ್ ಇಟ್ಟರೆ 10ರಿಂದ 17 ಓಮ್ ಆಸುಪಾಸು ಬರಬೇಕು. ಆದರೆ ದೀಪ ಮಿಟುಕಲಿಲ್ಲ ಅಂತ ನೆಮ್ಮದಿಯಾಗಿ ಕೂರಬೇಡಿ: ಒಳಗಿನ ವಾಲ್ವ್ ಕಸಕ್ಕೆ ಸಿಕ್ಕಿಕೊಂಡರೂ ಕಾಯಿಲ್ ಸರಿಯಿದ್ದರೆ ಕಂಪ್ಯೂಟರಿಗೆ ಅದು ಗೊತ್ತಾಗುವುದಿಲ್ಲ.

ಸ್ಪ್ಯಾನರ್ ಹಿಡಿಯುವ ಮೊದಲು ಟೇಪ್ ಹಿಡಿಯಿರಿ. ನಾಲ್ಕೂ ಟೈರುಗಳ ಸುತ್ತಳತೆ ಸುಮಾರು 6 ಮಿಲಿಮೀಟರ್ ಒಳಗೆ ಹೊಂದಬೇಕು. ಎರಡು ಹೊಸದು, ಎರಡು ಸವೆದದ್ದು ಹಾಕಿಕೊಂಡು ಓಡಿಸಿದರೆ ನೇರ ರಸ್ತೆಯಲ್ಲೂ ಆ ಪ್ಲೇಟುಗಳು ಜಾರುತ್ತಲೇ, ಸವೆಯುತ್ತಲೇ ಇರುತ್ತವೆ. ಟೈರಿನಲ್ಲಿ ಮಾಡಿದ ಉಳಿತಾಯ ಇಲ್ಲಿ ಬಡ್ಡಿ ಸಮೇತ ಹೋಗುತ್ತದೆ.

ಆಮೇಲೆ ಗೇರ್‌ಬಾಕ್ಸಿನ ಆಯಿಲ್, ಅಂದರೆ ಎಟಿಎಫ್. ಒಟ್ಟು ಹಿಡಿಯುವುದು ಸುಮಾರು 9.5 ಲೀಟರ್, ಪ್ಯಾನಿನ ಬೋಲ್ಟ್ ಬಿಚ್ಚಿದರೆ ಇಳಿಯುವುದು 4 ಲೀಟರ್ ಮಾತ್ರ. ಒಂದೇ ಸಲ ಬದಲಿಸಿದರೆ ಅರ್ಧಕ್ಕಿಂತ ಹೆಚ್ಚು ಹಳೆಯದೇ ಉಳಿಯುತ್ತದೆ. ಮೂರು ಸಲ ಇಳಿಸಿ ತುಂಬಿಸಿದರೆ, ನಡುನಡುವೆ ಖಾಲಿ ಜಾಗದಲ್ಲಿ ಎಂಟರ ಆಕಾರದಲ್ಲಿ ಓಡಿಸಿದರೆ, ನೂರಕ್ಕೆ ಎಂಬತ್ತು ಪಾಲು ಹೊಸದಾಗುತ್ತದೆ. ಡೆಕ್ಸ್‌ರಾನ್ 3 ದರ್ಜೆಯದು ಸಾಕು. ಮಟ್ಟ ನೋಡುವುದು ಬಿಸಿಯಿದ್ದಾಗ, ಲಿವರನ್ನು ಎಲ್ಲ ಸ್ಥಾನಗಳಿಗೂ ಒಮ್ಮೆ ತಂದು ‘ಪಿ’ಗೆ ಹಾಕಿ, ಇಂಜಿನ್ ಓಡುತ್ತಿರುವಾಗಲೇ. ಹಿಡಿತ ಈಗಷ್ಟೇ ಶುರುವಾಗಿದ್ದರೆ ಇಷ್ಟರಲ್ಲೇ ಹೋಗುವುದುಂಟು.

ಇಲ್ಲಿ ಎಡವುವ ಜಾಗವೊಂದಿದೆ. ಎಡಬಲ ಚಕ್ರಗಳಿಗೆ ಬಲ ಹಂಚುವ ಮುಂದಿನ ಡಿಫರೆನ್ಷಿಯಲ್ ಕೂಡ ಇದೇ ಕವಚದಲ್ಲಿ, ಬೇರೆ ಕೋಣೆಯಲ್ಲಿ, ತನ್ನದೇ ಗೇರ್ ಆಯಿಲ್‌ನಲ್ಲಿ ಕೂತಿದೆ: 75ಡಬ್ಲ್ಯು-90, ಜಿಎಲ್-5, ಸುಮಾರು 1.2 ಲೀಟರ್. ಅದಕ್ಕೆ ಬೇರೆ ಡಿಪ್‌ಸ್ಟಿಕ್, ಬೇರೆ ಬೋಲ್ಟ್. ಅಮೆರಿಕದ ಗಾಡಿಯಲ್ಲಿ ಎಟಿಎಫ್ ಕಡ್ಡಿ ಡ್ರೈವರ್ ಕಡೆ, ಡಿಫರೆನ್ಷಿಯಲ್ ಕಡ್ಡಿ ಅದರ ಎದುರು ಕಡೆ. ಅವಸರದ ಆಯಿಲ್ ಅಂಗಡಿಗಳಲ್ಲಿ ಗೇರ್ ಆಯಿಲ್ ಇಳಿಸಿ, ಎಟಿಎಫನ್ನು ಇನ್ನೊಂದು ಕಡೆ ಸುರಿದು ಕಳಿಸುವುದು ಹಳೇ ಕಥೆ. ಇಳಿದದ್ದು ಕೆಂಪಗಿಲ್ಲದೆ ಜೇನಿನ ಬಣ್ಣದಲ್ಲಿ ಗಂಧಕದ ವಾಸನೆ ಹೊಡೆದರೆ ಅಲ್ಲೇ ನಿಲ್ಲಿಸಿ. ಒಣಗಿದ ಡಿಫರೆನ್ಷಿಯಲ್ ಊಳಿಡಲು ಶುರುಮಾಡಿತೆಂದರೆ ಇಡೀ ಪೆಟ್ಟಿಗೆಯ ಮೇಲಿನ ಆಸೆ ಬಿಡಬಹುದು.

ಬಾಲ ಬಿಚ್ಚಲು ಪೆಟ್ಟಿಗೆ ಇಳಿಸಬೇಕಿಲ್ಲ, ಈ ವಿನ್ಯಾಸದ ದೊಡ್ಡ ಗುಣ ಅದು. ಎಟಿಎಫ್ ಇಳಿಸಿ, ಹಿಂದಿನ ಎಕ್ಸಾಸ್ಟ್ ಬಿಚ್ಚಿ, ಹಿಂದಕ್ಕೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಫ್ಲ್ಯಾಂಜಿಗೆ ಬಣ್ಣದ ಗುರುತು ಹಾಕಿ ತೆಗೆಯಿರಿ. ಪೆಟ್ಟಿಗೆಗೆ ಜ್ಯಾಕ್ ಕೊಟ್ಟು ಅದನ್ನು ಹೊತ್ತ ಅಡ್ಡಪಟ್ಟಿ (ಕ್ರಾಸ್‌ಮೆಂಬರ್) ಇಳಿಸಿದರೆ ಹಿಂದಿನ ಕವಚ ಕೈಗೆ ಬರುತ್ತದೆ. 1998ರವರೆಗಿನ ಪೆಟ್ಟಿಗೆಗಳಲ್ಲಿ ಡ್ಯೂಟಿ ಸಿ ಅದರೊಳಗೇ ಇದೆ. ಸೊಲೆನಾಯ್ಡ್, ಪ್ಲೇಟ್ ಕಟ್ಟು, ಗ್ಯಾಸ್ಕೆಟ್, ಆಯಿಲ್ ಸೀಲ್ ಒಟ್ಟಿಗೇ ತರಿಸಿಟ್ಟುಕೊಳ್ಳಿ. ಎಲ್ಲ ಬಿಚ್ಚಿ ಒಂದೇ ಬದಲಿಸುವುದು ದಂಡ. ಪ್ಲೇಟಿನ ಹಲ್ಲು ಓಡಾಡುವ ಡ್ರಮ್ಮಿನ ಸಾಲುಗಳಿಗೆ ಉಗುರು ಆಡಿಸಿ. ಉಗುರು ಸಿಕ್ಕುವಷ್ಟು ಗೀರು ಬಿದ್ದಿದ್ದರೆ ಪ್ಲೇಟು ಅಲ್ಲೇ ಕಚ್ಚಿ ನಿಲ್ಲುತ್ತದೆ. ಡ್ರಮ್ ಬದಲಿಸದೆ ಹೊಸ ಸೊಲೆನಾಯ್ಡ್ ಹಾಕಿದರೂ ಪ್ರಯೋಜನವಿಲ್ಲ. ಹೊಸ ಫ್ರಿಕ್ಷನ್ ಪ್ಲೇಟುಗಳನ್ನು ಜೋಡಿಸುವ ಮೊದಲು ಎಟಿಎಫ್‌ನಲ್ಲಿ ನೆನೆಸಿಡಿ.

1999ರ ನಂತರದ ಎರಡನೇ ಪೀಳಿಗೆಯ ಕಾಯಿಲೆ ಬೇರೆ. ಬೆಳಿಗ್ಗೆ ತಣ್ಣಗಿದ್ದಾಗ ‘ಡಿ’ಗೆ ಹಾಕಿದರೆ ಎರಡು ಮೂರು ಸೆಕೆಂಡ್ ಸುಮ್ಮನಿದ್ದು ಆಮೇಲೆ ಧಡಕ್ಕನೆ ಹಿಡಿಯುತ್ತದೆ. ಒಳಗಿನ ರಬ್ಬರ್ ಸೀಲ್ ಗಡುಸಾಗಿ ಒತ್ತಡ ಸೋರುವುದೇ ಕಾರಣ. ಸೀಲ್ ಮೆದು ಮಾಡುವ ಡಬ್ಬಿ ದ್ರಾವಣಗಳು ಕೆಲ ಕಾಲ ಕೆಲಸ ಮಾಡುತ್ತವೆ, ನಿಜ. ಅದು ನೋವಿನ ಮಾತ್ರೆ ಇದ್ದಂತೆ. ಧಡಕ್ಕೆಂಬ ಸದ್ದಿಗೆ ಹೆದರಿ ಆಕ್ಸಿಲರೇಟರ್ ಒತ್ತಿ ಹಿಡಿಸಬೇಡಿ, ಕ್ಲಚ್ ಸುಡುತ್ತದೆ.

ಹೆಡ್ ಗ್ಯಾಸ್ಕೆಟ್‌ಗೆಂದು ಇಂಜಿನ್ ಇಳಿಸಿದ ಗಾಡಿ ಕೊಳ್ಳುವಿರಾದರೆ ಇನ್ನೊಂದು ಪ್ರಶ್ನೆ ಕೇಳಿ: ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಕೂರುವ ಟಾರ್ಕ್ ಕನ್ವರ್ಟರನ್ನು ತಿರುಗಿಸುತ್ತಾ ಪೂರ್ತಿ ಒಳಕ್ಕೆ ಕೂರಿಸಿದರೇ? ಅರ್ಧ ಕೂತ ಕನ್ವರ್ಟರ್ ಮೇಲೆ ಇಂಜಿನ್ ಬೋಲ್ಟ್ ಬಿಗಿದರೆ ಆಯಿಲ್ ಪಂಪ್ ಸೀಳುತ್ತದೆ. ಆಗ ಜಾಹೀರಾತಿನ ಮಾತು ನಿಜವೇ.